‘ತೀರಾ ಸರಳ’ವೆಂದು ತಳ್ಳಿಹಾಕಿದ ಒಂದು ಲೆಕ್ಕ

ಸ್ಕಾಲರ್‌ಶಿಪ್ಪಿಗೋ ಪರೀಕ್ಷೆಗೋ ಆನ್‌ಲೈನಿನಲ್ಲಿ ಅರ್ಜಿ ಹಾಕಿದವರಿಗೆಲ್ಲ ಒಂದು ಷರತ್ತು ಬಾಯಿಪಾಠವಾಗಿರುತ್ತದೆ: ಫೋಟೊ ಇಷ್ಟು ಕೆ.ಬಿ.ಗಿಂತ ಹೆಚ್ಚಿರಬಾರದು, ಜೆಪೆಗ್ ರೂಪದಲ್ಲೇ ಇರಬೇಕು. ಸೈಬರ್ ಸೆಂಟರಿನ ಹುಡುಗ ನಾಲ್ಕು ಸಲ ಮೌಸ್ ಒತ್ತಿ ಅದನ್ನು ಕುಗ್ಗಿಸಿ ಕೊಡುತ್ತಾನೆ. ಪತ್ರಿಕಾ ಕಚೇರಿಗಳಲ್ಲಿ ಸಮಸ್ಯೆ ಇದಕ್ಕೆ ತಿರುಗುಮುರುಗು. ಓದುಗರು ಪ್ರೀತಿಯಿಂದ ಕಳಿಸಿದ ಫೋಟೊ ಮೊಬೈಲಿನಲ್ಲಿ ಕನ್ನಡಿಯಂತೆ ಕಾಣುತ್ತದೆ. ಪುಟದಲ್ಲಿಟ್ಟು ನೋಡಿದರೆ ಮುಖವೆಲ್ಲ ಚೌಕಚೌಕವಾಗಿ ಒಡೆದಿರುತ್ತದೆ. ಒಂದು ಕಡೆ ದೊಡ್ಡದಾಯಿತೆಂಬ ತಕರಾರು, ಇನ್ನೊಂದು ಕಡೆ ಚಿಕ್ಕದಾಯಿತೆಂಬ ತಕರಾರು. ನಡುವೆ ನಡೆಯುವ ಈ ಹಿಗ್ಗಿಸುವ ಕುಗ್ಗಿಸುವ ಕೆಲಸವನ್ನು ನಾವು ಒಂದು ಯಾಂತ್ರಿಕ ಉಪಚಾರವೆಂದು ಭಾವಿಸಿ ಸುಮ್ಮನಿರುತ್ತೇವೆ.

ಆದರೆ ಚಿತ್ರವೊಂದನ್ನು ಕುಗ್ಗಿಸುವುದೆಂದರೆ ಅದರಿಂದ ಏನನ್ನೋ ಬಿಸಾಡುವುದು. ಯಾವುದನ್ನು ಬಿಸಾಡಬಹುದು, ಯಾವುದು ಉಳಿಯಬೇಕು ಎಂಬ ತೀರ್ಮಾನವನ್ನು ಯಾರೋ ಮಾಡಿರುತ್ತಾರೆ. ಆ ತೀರ್ಮಾನಗಳಿಗೆ ಒಂದು ಚರಿತ್ರೆ ಇದೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ನಮ್ಮದೇ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಮುಸ್ಲಿಮ್ ಹುಡುಗ.

ಮೊದಲು ಮುದ್ರಣದ ಕತೆ. ಮುದ್ರಣ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಕಾಗದದ ಮೇಲೆ ಶಾಯಿ ಬೀಳುತ್ತದೆ, ಇಲ್ಲವೇ ಬೀಳುವುದಿಲ್ಲ. ನಡುವಿನ ಸ್ಥಿತಿ ಇಲ್ಲ. ಫೋಟೊದಲ್ಲಾದರೋ ಕಪ್ಪು ಬಿಳುಪಿನ ನಡುವೆ ನೂರಾರು ಛಾಯೆಗಳಿರುತ್ತವೆ. ಆದ್ದರಿಂದ ಕ್ಯಾಮರಾ ಬಂದು ದಶಕಗಳು ಕಳೆದರೂ ಪತ್ರಿಕೆಗಳಲ್ಲಿ ಫೋಟೊ ಅಚ್ಚಾಗುತ್ತಿರಲಿಲ್ಲ. ಫೋಟೊ ನೋಡಿ ಕಲಾವಿದನೊಬ್ಬ ಮರದ ಹಲಗೆಯ ಮೇಲೆ ಗೆರೆಗಳಲ್ಲಿ ಕೆತ್ತಬೇಕಾಗಿತ್ತು. ಛಾಯೆಗಳನ್ನು ಸಣ್ಣ ದೊಡ್ಡ ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ವಿಧಾನ ಬಂದ ಮೇಲೆ ಈ ಕಟ್ಟು ಬಿಚ್ಚಿತು. 1880ರ ಮಾರ್ಚ್ 4ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಅಲ್ಲಿನ ಒಂದು ಕೊಳೆಗೇರಿಯ ಫೋಟೊವನ್ನು ಹೀಗೆ ಚುಕ್ಕಿಗಳಲ್ಲಿ ಅಚ್ಚು ಹಾಕಿತು. ಚುಕ್ಕಿ ದಪ್ಪಗಿದ್ದಲ್ಲಿ ಕಣ್ಣಿಗೆ ಕತ್ತಲೆ, ಸಣ್ಣಗಿದ್ದಲ್ಲಿ ಬೆಳಕು. ಕಣ್ಣಿಗೆ ಮಾಡಿದ ಒಂದು ಸಭ್ಯ ಮೋಸ ಎನ್ನಬಹುದು. ಇಂದಿಗೂ ಯಾವುದೇ ಪತ್ರಿಕೆಯ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿದರೆ ಈ ಮೋಸ ಬಯಲಾಗುತ್ತದೆ.

ಕನ್ನಡಕ್ಕೂ ಇದಕ್ಕೂ ಇನ್ನೊಂದು ಬಗೆಯ ಸಂಬಂಧವಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂದಾಗ ಅದು ಅಚ್ಚಿನ ಮೊಳೆಗಳಿಂದ ಮುದ್ರಿತವಾಗಿರಲಿಲ್ಲ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತಂದರು. ಕಲ್ಲಚ್ಚಿನಲ್ಲಿ ಅಕ್ಷರವೂ ಚಿತ್ರವೇ. ಕೈಯಿಂದ ಬರೆದದ್ದು ಹಾಗೆಯೇ ಕಲ್ಲಿಗೆ, ಕಲ್ಲಿನಿಂದ ಕಾಗದಕ್ಕೆ. ಕನ್ನಡ ಬೇಗನೆ ಮೊಳೆಗಳಿಗೆ ಹೋಯಿತು. ಉರ್ದು ಮಾತ್ರ ಒಂದೂವರೆ ಶತಮಾನ ಕಲ್ಲಚ್ಚನ್ನೂ ಆಮೇಲೆ ಕಾತಿಬರ ಕೈಬರಹವನ್ನೂ ಬಿಡಲಿಲ್ಲ. ನಸ್ತಾಲೀಕ್ ಲಿಪಿಯ ಓರೆಯಾದ ಇಳಿಜಾರು ಸೀಸದ ಮೊಳೆಗಳಿಗೆ ಒಗ್ಗುತ್ತಿರಲಿಲ್ಲ. 1981ರಲ್ಲಿ ಪಾಕಿಸ್ತಾನದ ‘ಜಂಗ್’ ಪತ್ರಿಕೆ ನೂರಿ ನಸ್ತಾಲೀಕ್ ಎಂಬ ಕಂಪ್ಯೂಟರ್ ಲಿಪಿಯನ್ನು ಬಳಸುವ ತನಕ ಉರ್ದು ಪತ್ರಿಕೆಯ ಪುಟವೆಂದರೆ ಹೆಚ್ಚುಕಡಿಮೆ ಕೈಯಲ್ಲಿ ಬರೆದ ಒಂದು ದೊಡ್ಡ ಚಿತ್ರ. ಈ ವಿಷಯಕ್ಕೆ ಮುಂದೆ ಬರುತ್ತೇವೆ.

ಚಿತ್ರವನ್ನು ಅಂಕಿಗಳಾಗಿ ಬದಲಿಸುವ ಕೆಲಸ ಕಂಪ್ಯೂಟರಿಗಿಂತ ಹಳೆಯದು ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. 1920ರ ದಶಕದಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ಫೋಟೊ ಹಡಗಿನಲ್ಲಿ ಹೋಗಲು ಒಂದು ವಾರಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಬಾರ್ಟ್‌ಲೇನ್ ಎಂಬ ವಿಧಾನದಲ್ಲಿ ಫೋಟೊದ ಛಾಯೆಗಳನ್ನು ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಬದಲಿಸಿ, ಸಮುದ್ರದಡಿಯ ತಂತಿಯಲ್ಲಿ ಕಳಿಸಿ, ಆ ಕಡೆ ಮತ್ತೆ ಚಿತ್ರ ಮಾಡುತ್ತಿದ್ದರು. ಮೂರು ಗಂಟೆಯೊಳಗೆ ಕೆಲಸ ಮುಗಿಯುತ್ತಿತ್ತು. ಅದಕ್ಕೆ ತೆತ್ತ ಬೆಲೆ: ಇಡೀ ಫೋಟೊದಲ್ಲಿ ಉಳಿಯುತ್ತಿದ್ದದ್ದು ಬರೀ ಐದು ಛಾಯೆಗಳು. 1929ರ ಹೊತ್ತಿಗೆ ಅದು ಹದಿನೈದಾಯಿತು. ಬೇಗ ಬೇಕೆಂದರೆ ಕಡಿಮೆಯಲ್ಲಿ ತೃಪ್ತಿಪಡಬೇಕು ಎಂಬ ವ್ಯಾಪಾರ ಅಂದೇ ಶುರುವಾಗಿತ್ತು.

ಕಂಪ್ಯೂಟರಿಗೆ ಮೊದಲ ಫೋಟೊ ತೋರಿಸಿದವರು ಅಮೆರಿಕದ ರಸೆಲ್ ಕರ್ಶ್. 1957ರಲ್ಲಿ ಅವರು ತಮ್ಮ ಮೂರು ತಿಂಗಳ ಮಗುವಿನ ಫೋಟೊವನ್ನು ಸ್ಕ್ಯಾನ್ ಮಾಡಿದರು. ಉದ್ದಕ್ಕೆ 176, ಅಗಲಕ್ಕೆ 176 ಚೌಕಗಳು. ಒಟ್ಟು ಮೂವತ್ತೊಂದು ಸಾವಿರಕ್ಕೆ ತುಸು ಕಡಿಮೆ. ನಾವು ಇಂದು ಪಿಕ್ಸೆಲ್ ಎನ್ನುವುದು ಈ ಚೌಕಗಳನ್ನೇ.

ಇಲ್ಲಿಂದ ತೊಂದರೆ ಶುರು. ಇಂದಿನ ಸಾಧಾರಣ ಮೊಬೈಲಿನ ಒಂದು ಫೋಟೊ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇದೆಯೆಂದುಕೊಳ್ಳೋಣ. ಅಲ್ಲಿಗೆ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳಾದವು. ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಎಂದರೆ 36 ಎಂ.ಬಿ. ಆದರೆ ಮೊಬೈಲಿನಲ್ಲಿ ಆ ಫೋಟೊ ಕೂತಿರುವುದು ಮೂರೋ ನಾಲ್ಕೋ ಎಂ.ಬಿ.ಯಲ್ಲಿ. ಹತ್ತರಲ್ಲಿ ಒಂಬತ್ತು ಪಾಲು ಎಲ್ಲಿ ಹೋಯಿತು? ಹೋದದ್ದು ಕಣ್ಣಿಗೆ ಯಾಕೆ ಕಾಣುವುದಿಲ್ಲ?

ಇದಕ್ಕೆ ಉತ್ತರ ಕೊಟ್ಟವರ ಹೆಸರು ನಾಸಿರ್ ಅಹ್ಮದ್.

ನಮ್ಮ ಸಭೆ ಸಮಾರಂಭಗಳಲ್ಲಿ ಮುಸ್ಲಿಮರ ವಿಜ್ಞಾನ ಪರಂಪರೆಯ ಬಗ್ಗೆ ಭಾಷಣಗಳಿಗೇನೂ ಕೊರತೆಯಿಲ್ಲ. ಬಸ್ರಾದ ಇಬ್ನುಲ್ ಹೈಸಮ್ ಸಾವಿರ ವರ್ಷದ ಹಿಂದೆ ಬೆಳಕು ಮತ್ತು ಕಣ್ಣಿನ ಬಗ್ಗೆ ಬರೆದರು, ಅಲ್ ಖ್ವಾರಿಝ್ಮಿಯ ಹೆಸರಿನಿಂದಲೇ ಅಲ್ಗೊರಿದಮ್ ಎಂಬ ಪದ ಬಂತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಎರಡೂ ನಿಜ, ಹೇಳಬೇಕಾದದ್ದೇ. ಆದರೆ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಈಗ ಯು.ವಿ.ಸಿ.ಇ. ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದ ಈ ನಾಸಿರ್ ಅಹ್ಮದರ ಹೆಸರನ್ನು ಅಂಥ ಒಂದು ಭಾಷಣದಲ್ಲಾದರೂ ನಾವು ಕೇಳಿಲ್ಲ. ಹತ್ತು ಶತಮಾನ ಹಿಂದಿನವರನ್ನು ಹೊಗಳುವುದು ಸುಲಭ. ಅವರ ಲೆಕ್ಕವನ್ನು ಯಾರೂ ಕಲಿಯಬೇಕಾಗಿಲ್ಲವಲ್ಲ!

ಬೆಂಗಳೂರಿನಿಂದ ಅವರು ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಸ್ನಾತಕೋತ್ತರ ಪದವಿ, 1966ರಲ್ಲಿ ಪಿಎಚ್.ಡಿ. ಎರಡು ವರ್ಷ ಹನಿವೆಲ್ ಕಂಪೆನಿಯಲ್ಲಿ ಕೆಲಸ. 1968ರಿಂದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ. ಆ ದಿನಗಳಲ್ಲಿ ಚಿತ್ರ ಕುಗ್ಗಿಸುವವರ ಮುಂದೆ ಒಂದು ಆದರ್ಶ ವಿಧಾನವಿತ್ತು. ಕಾಗದದ ಮೇಲೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಪ್ರತಿಯೊಂದು ಚಿತ್ರಕ್ಕೂ ಅದನ್ನು ಹೊಸದಾಗಿ ಲೆಕ್ಕ ಹಾಕಬೇಕು, ಬೇಗ ಲೆಕ್ಕ ಹಾಕುವ ದಾರಿಯೂ ಇರಲಿಲ್ಲ. ಬಳಕೆಗೆ ಬಾರದ ಆದರ್ಶ. ಅದಕ್ಕೆ ಹತ್ತಿರ ಬರುವ, ಎಲ್ಲ ಚಿತ್ರಗಳಿಗೂ ಒಂದೇ ಆಗಿರುವ, ಬೇಗ ಮುಗಿಯುವ ಒಂದು ವಿಧಾನ ಕೊಸೈನ್‌ಗಳಿಂದ ಸಾಧ್ಯವಾಗಬಹುದು ಎಂಬ ಹೊಳಹು ನಾಸಿರ್ ಅಹ್ಮದರಿಗೆ ಬಂತು. ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿಯಲ್ಲಿ ನಾವೆಲ್ಲ ಉರು ಹೊಡೆದು ಮರೆತ ಅದೇ ಕೊಸೈನ್.

1972ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಪ್ರಸ್ತಾವ ಕಳಿಸಿದರು. ಪ್ರಸ್ತಾವ ತಿರಸ್ಕೃತವಾಯಿತು. ಪರಿಶೀಲಕರೊಬ್ಬರ ಆಕ್ಷೇಪ, ಇಡೀ ವಿಚಾರವೇ ತೀರಾ ಸರಳವಾಯಿತು ಎಂಬುದು. ಇದನ್ನು ನಾಸಿರ್ ಅಹ್ಮದರೇ 1991ರಲ್ಲಿ ಬರೆದ ಒಂದು ಪುಟ್ಟ ಲೇಖನದಲ್ಲಿ ನೆನಪಿಸಿಕೊಂಡಿದ್ದಾರೆ. ಹಣವಿಲ್ಲದಿದ್ದರೂ ಅವರು ಕೈಬಿಡಲಿಲ್ಲ. 1973ರ ಬೇಸಿಗೆಯ ಮೂರು ತಿಂಗಳು ಸಂಬಳವಿಲ್ಲ. ಉಳಿಸಿದ ಹಣದಲ್ಲೇ ಮನೆ ನಡೆಯಬೇಕು. ಆ ಬೇಸಿಗೆಯನ್ನು ಪೂರ್ತಿಯಾಗಿ ಈ ಲೆಕ್ಕಕ್ಕೆ ಕೊಟ್ಟರು. ಜೊತೆಗಿದ್ದವರು ಅವರ ಪಿಎಚ್.ಡಿ. ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಕೇಂದ್ರದಲ್ಲಿದ್ದ ಗೆಳೆಯ ಕೆ. ಆರ್. ರಾವ್. ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ ಅವರಿಗೇ ನಂಬಿಕೆ ಬರಲಿಲ್ಲ. 1974ರ ಜನವರಿಯಲ್ಲಿ ಐಇಇಇ ಸಂಸ್ಥೆಯ ಕಂಪ್ಯೂಟರ್ ನಿಯತಕಾಲಿಕದಲ್ಲಿ ಮೂವರ ಹೆಸರಿನಲ್ಲಿ ನಾಲ್ಕೇ ಪುಟದ ಲೇಖನ ಪ್ರಕಟವಾಯಿತು. ಹೆಸರು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’. ಎಂಜಿನಿಯರುಗಳು ಇಂದು ಡಿಸಿಟಿ ಎಂದು ಕರೆಯುವುದು ಇದನ್ನೇ.

ಇಷ್ಟಕ್ಕೂ ಅದು ಮಾಡುವುದೇನು? ಮನೆಯ ಒಂದು ಗೋಡೆಯನ್ನು ದೂರದಲ್ಲಿರುವವರಿಗೆ ಫೋನಿನಲ್ಲಿ ವರ್ಣಿಸಬೇಕಾಗಿದೆ ಎಂದು ಭಾವಿಸೋಣ. ಒಂದೊಂದು ಇಟ್ಟಿಗೆಯ ಬಣ್ಣವನ್ನೂ ಹೇಳುತ್ತಾ ಹೋಗಬಹುದು. ಸಂಜೆಯಾಗುತ್ತದೆ. ಬುದ್ಧಿವಂತರು ‘ಗೋಡೆ ಬಿಳಿ, ಬಲಗಡೆಗೆ ಹೋದಂತೆ ಸ್ವಲ್ಪ ಮಬ್ಬು, ಕೆಳಗೆ ತೇವ ಹಿಡಿದು ಕಪ್ಪಾಗಿದೆ’ ಎಂದು ಮೂರು ಮಾತಿನಲ್ಲಿ ಮುಗಿಸುತ್ತಾರೆ. ಜೆಪೆಗ್‌ನಲ್ಲಿ ಚಿತ್ರವನ್ನು ಉದ್ದಕ್ಕೆ ಎಂಟು, ಅಗಲಕ್ಕೆ ಎಂಟು, ಒಟ್ಟು 64 ಪಿಕ್ಸೆಲ್‌ಗಳ ಸಣ್ಣ ಸಣ್ಣ ತುಂಡುಗಳಾಗಿ ಮಾಡುತ್ತಾರೆ. ಡಿಸಿಟಿ ಪ್ರತಿ ತುಂಡನ್ನೂ ಈ ರೀತಿ ವರ್ಣಿಸುತ್ತದೆ. ಮೊದಲ ಅಂಕಿ ತುಂಡಿನ ಸರಾಸರಿ ಬಣ್ಣ. ನಂತರದ್ದು ನಿಧಾನವಾದ ಏರಿಳಿತ. ಕೊನೆಕೊನೆಯ ಅಂಕಿಗಳು ಅತಿ ಸೂಕ್ಷ್ಮ ಏರಿಳಿತ. 64 ಪಿಕ್ಸೆಲ್ ಹೋಗಿ 64 ಅಂಕಿಗಳಾದವು, ಇನ್ನೂ ಏನೂ ಕಳೆದಿಲ್ಲ. ಕಳೆಯುವುದು ಮುಂದಿನ ಹಂತದಲ್ಲಿ. ಸಾಮಾನ್ಯ ಚಿತ್ರಗಳಲ್ಲಿ ಮೊದಲ ಕೆಲವು ಅಂಕಿಗಳಲ್ಲೇ ಹೆಚ್ಚಿನ ಸಾರವಿರುತ್ತದೆ. ಕೊನೆಯ ಸೂಕ್ಷ್ಮಗಳನ್ನು ನಮ್ಮ ಕಣ್ಣು ಅಷ್ಟಾಗಿ ಗಮನಿಸುವುದೂ ಇಲ್ಲ. ಆದ್ದರಿಂದ ಅವನ್ನು ಒರಟಾಗಿ ಸುತ್ತುಗೂಡಿಸಿದರೆ ಬಹುಪಾಲು ಸೊನ್ನೆಗಳಾಗುತ್ತವೆ. ಸೊನ್ನೆಗಳ ಸಾಲನ್ನು ‘ಇಲ್ಲಿಂದ ಮುಂದೆ ಸೊನ್ನೆ’ ಎಂದು ಒಂದೇ ಮಾತಿನಲ್ಲಿ ಬರೆದಿಡಬಹುದು. ಹತ್ತರಲ್ಲಿ ಒಂಬತ್ತು ಪಾಲು ಹೋಗುವುದು ಹೀಗೆ. ತೀರಾ ಬಿಗಿಯಾಗಿ ಹಿಂಡಿದರೆ ಆ 64ರ ತುಂಡುಗಳ ಅಂಚುಗಳೇ ಎದ್ದು ಕಾಣುತ್ತವೆ. ಪದೇ ಪದೇ ಕುಗ್ಗಿಸಿದ ಫೋಟೊಗಳಲ್ಲಿ ಮುಖ ಚೌಕಚೌಕವಾಗುವುದಕ್ಕೆ ಇದೂ ಒಂದು ಕಾರಣ.

ನಾಸಿರ್ ಅಹ್ಮದ್ ಸಂಬಳವಿಲ್ಲದೆ ಲೆಕ್ಕ ಹಾಕುತ್ತಿದ್ದ ಅದೇ 1973ರ ಬೇಸಿಗೆಯಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಇನ್ನೊಂದು ಘಟನೆ ನಡೆಯಿತು. ಚಿತ್ರ ಕುಗ್ಗಿಸುವ ವಿಧಾನಗಳನ್ನು ಪರೀಕ್ಷಿಸಲು ಅಲ್ಲಿನವರಿಗೆ ಹೊಸದೊಂದು ಮುಖದ ಚಿತ್ರ ಬೇಕಾಗಿತ್ತು. ಕೈಗೆ ಸಿಕ್ಕಿದ್ದು ಗಂಡಸರ ನಗ್ನಚಿತ್ರ ಪತ್ರಿಕೆಯೊಂದರ 1972ರ ನವೆಂಬರ್ ಸಂಚಿಕೆ. ಅದರ ನಡುಪುಟದ ಯುವತಿಯ ಚಿತ್ರದಲ್ಲಿ ಮೇಲಿನ ಐದಿಂಚು ಚಿಲ್ಲರೆ ಭಾಗವನ್ನು ಮಾತ್ರ ಸ್ಕ್ಯಾನ್ ಮಾಡಿದರು. 512 ಪಿಕ್ಸೆಲ್ ಉದ್ದ, 512 ಅಗಲ. ‘ಲೆನಾ’ ಎಂಬ ಹೆಸರಿನಲ್ಲಿ ಆ ಚಿತ್ರ ದಶಕಗಳ ಕಾಲ ಜಗತ್ತಿನ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಮೆರೆಯಿತು. ಚಿತ್ರ ಎಷ್ಟು ಚೆನ್ನಾಗಿ ಕುಗ್ಗಿತೆಂದು ಅಳೆಯುವ ಅಳತೆಗೋಲು ಒಬ್ಬ ಹೆಣ್ಣಿನ ಮುಖವಾಯಿತು. ಅವಳನ್ನು ಯಾರೂ ಕೇಳಿರಲಿಲ್ಲ. ಆ ತರಗತಿಗಳಲ್ಲಿ ಕೂತಿದ್ದ ಹುಡುಗಿಯರಿಗೆ ಅದು ಎಲ್ಲಿಂದ ಬಂದದ್ದೆಂದು ಗೊತ್ತಾದಾಗ ಹೇಗಾಗಿರಬೇಕೆಂದೂ ಯಾರೂ ಯೋಚಿಸಿರಲಿಲ್ಲ. 2019ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಆಕೆ, ತಾನು ಮಾಡೆಲಿಂಗ್‌ನಿಂದ ಯಾವಾಗಲೋ ನಿವೃತ್ತಳಾದೆ, ತಂತ್ರಜ್ಞಾನದಿಂದಲೂ ನಿವೃತ್ತಿ ಕೊಡಿ ಎಂಬರ್ಥದ ಮಾತಾಡಿದರು. ಐಇಇಇಯ ಕಂಪ್ಯೂಟರ್ ವಿಭಾಗ ತನ್ನ ನಿಯತಕಾಲಿಕಗಳಲ್ಲಿ ಆ ಚಿತ್ರವನ್ನು ನಿಲ್ಲಿಸಿದ್ದು 2024ರ ಏಪ್ರಿಲ್‌ನಿಂದ. ಐವತ್ತು ವರ್ಷ ಹಿಡಿಯಿತು.

ಡಿಸಿಟಿ ಜನರ ಕೈಗೆ ಬರಲು ಅಷ್ಟು ಕಾಲ ಬೇಕಾಗಲಿಲ್ಲ. 1986ರಲ್ಲಿ ಜಾಯಿಂಟ್ ಫೊಟೊಗ್ರಾಫಿಕ್ ಎಕ್ಸ್‌ಪರ್ಟ್ಸ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ಸಮಿತಿ ರಚನೆಯಾಯಿತು. ಅದರ ಮೊದಲ ಅಕ್ಷರಗಳೇ ಜೆಪೆಗ್. 1987ರಲ್ಲಿ ಸಮಿತಿಯ ಮುಂದೆ ಹನ್ನೆರಡು ವಿಧಾನಗಳಿದ್ದವು. ಯಾರ ವಿಧಾನವೆಂದು ಹೇಳದೆ ಚಿತ್ರಗಳನ್ನು ತೋರಿಸಿ ಅಂಕ ಹಾಕಿಸಿದರು. ಮೂರು ಉಳಿದವು. 1988ರ ಆರಂಭದಲ್ಲಿ ಡಿಸಿಟಿ ಗೆದ್ದಿತು. 1992ರಲ್ಲಿ ಅದು ಜಾಗತಿಕ ಮಾನದಂಡವಾಯಿತು. ಧನಸಹಾಯಕ್ಕೂ ಯೋಗ್ಯವಲ್ಲ ಎನಿಸಿಕೊಂಡದ್ದು!

ಅದಕ್ಕೂ ಮೊದಲು 1987ರಲ್ಲಿ ಕಂಪ್ಯುಸರ್ವ್ ಎಂಬ ಕಂಪೆನಿ ಗಿಫ್ ಎಂಬ ರೂಪವನ್ನು ತಂದಿತ್ತು. ಬಣ್ಣಗಳು 256 ಮಾತ್ರ, ಆದರೆ ಗೆರೆಚಿತ್ರ ಮತ್ತು ಅಕ್ಷರಗಳಿಗೆ ಚೆನ್ನ. ಅದರೊಳಗಿನ ಒಂದು ಲೆಕ್ಕದ ಮೇಲೆ ಪೇಟೆಂಟ್ ಇದ್ದ ಯೂನಿಸಿಸ್ ಕಂಪೆನಿ 1994ರ ಕೊನೆಯಲ್ಲಿ ಶುಲ್ಕದ ಮಾತೆತ್ತಿತು. ಬೇಸತ್ತ ತಂತ್ರಜ್ಞರು ಸೇರಿ ಯಾರಿಗೂ ಕಂದಾಯ ಕಟ್ಟಬೇಕಾಗಿಲ್ಲದ ಪಿಎನ್‌ಜಿ ರೂಪವನ್ನು 1996ರಲ್ಲಿ ತಂದರು. ಜೆಪೆಗ್‌ಗೂ ಈ ಕಾಟ ತಪ್ಪಲಿಲ್ಲ. 2002ರಲ್ಲಿ ಫೋರ್ಜೆಂಟ್ ಎಂಬ ಕಂಪೆನಿ ತನ್ನ ಬಳಿಯಿದ್ದ 1986ರ ಒಂದು ಅರ್ಜಿಯ ಪೇಟೆಂಟ್ ಜೆಪೆಗ್‌ಗೂ ಅನ್ವಯಿಸುತ್ತದೆಂದು ಹೇಳಿ, 2006ರಲ್ಲಿ ಅದರ ಬಲ ಕುಸಿಯುವ ಹೊತ್ತಿಗೆ ಹತ್ತು ಕೋಟಿ ಡಾಲರಿಗಿಂತ ಹೆಚ್ಚು ವಸೂಲಿ ಮಾಡಿಕೊಂಡಿತ್ತು. ಇತ್ತ ಮೂಲ ಲೆಕ್ಕ 1974ರಿಂದಲೂ ಒಂದು ನಿಯತಕಾಲಿಕದ ನಾಲ್ಕು ಪುಟಗಳಲ್ಲಿ ಯಾರು ಬೇಕಾದರೂ ಓದಿ ಬಳಸುವಂತೆ ಬಿದ್ದಿತ್ತು. ಜೆಪೆಗ್ ಮಾತ್ರವಲ್ಲ, ಎಂಪಿ3 ಹಾಡು, ಯೂಟ್ಯೂಬಿನ ವಿಡಿಯೊ, ವಿಡಿಯೊ ಕರೆ, ಐಫೋನು 2017ರಿಂದ ಬಳಸುವ ಹೆಚ್‌ಇಐಸಿ ರೂಪ, ಎಲ್ಲದರ ಒಳಗೂ ಡಿಸಿಟಿಯ ಯಾವುದಾದರೊಂದು ರೂಪಾಂತರವಿದೆ. ಸೌದಿಯಲ್ಲಿರುವ ಮಗ ಮಂಗಳೂರಿನ ತಾಯಿಯ ಮುಖ ನೋಡುವುದು ಈ ಲೆಕ್ಕದ ಮೂಲಕ. ಕೊರೊನಾ ಕಾಲದಲ್ಲಿ ಅಮೆರಿಕದ ‘ದಿಸ್ ಈಸ್ ಅಸ್’ ಎಂಬ ಟಿ.ವಿ. ಧಾರಾವಾಹಿ 2021ರ ಒಂದು ಕಂತಿನಲ್ಲಿ ನಾಸಿರ್ ಅಹ್ಮದ್ ಮತ್ತು ಅವರ ಪತ್ನಿ ಎಸ್ತರ್ ಅವರ ಕತೆಯನ್ನು ಹೆಣೆದುಕೊಂಡಿತು. ಅಲ್ಲಿನ ಸಾಮಾನ್ಯ ವೀಕ್ಷಕರಿಗೆ ಅವರ ಹೆಸರು ಗೊತ್ತಾದದ್ದು ಹಾಗೆ. ಅವರು ಓದಿದ ಊರಿನವರಾದ ನಮಗೆ ಅಷ್ಟೂ ಇಲ್ಲ.

ಈಗ ಮತ್ತೆ ಅಚ್ಚುಮನೆಗೆ. ಪರದೆಗೆ ಮತ್ತು ಕಾಗದಕ್ಕೆ ಒಂದೇ ಚಿತ್ರ ಯಾಕೆ ಒಗ್ಗುವುದಿಲ್ಲ ಎಂಬುದಕ್ಕೆ ಉತ್ತರ ಆ ಹಳೆಯ ಹಾಫ್‌ಟೋನ್ ಚುಕ್ಕಿಗಳಲ್ಲಿದೆ. ನುಣುಪು ಕಾಗದದ ಪತ್ರಿಕೆಯಲ್ಲಿ ಒಂದು ಇಂಚಿಗೆ ಸುಮಾರು 150 ಸಾಲು ಚುಕ್ಕಿಗಳು ಬರುತ್ತವೆ. ಪ್ರತಿ ಸಾಲಿಗೂ ಎರಡರಂತೆ ಪಿಕ್ಸೆಲ್ ಇದ್ದರೆ ಚಿತ್ರ ಚೊಕ್ಕವಾಗಿರುತ್ತದೆ ಎಂಬ ಅನುಭವದಿಂದ ಇಂಚಿಗೆ 300 ಎಂಬ ಪ್ರಸಿದ್ಧ ಸಂಖ್ಯೆ ಹುಟ್ಟಿತು. ಪರದೆಗೆ ‘72’ ಎನ್ನುವ ಇನ್ನೊಂದು ಸಂಖ್ಯೆ ಡಿಟಿಪಿಯವರ ಬಾಯಲ್ಲಿ ಈಗಲೂ ಇದೆ. ಅದು 1984ರ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯ ಅಳತೆ. ಆ ಪರದೆ ಮ್ಯೂಸಿಯಮ್ಮಿಗೆ ಹೋಗಿ ಎಷ್ಟೋ ಕಾಲವಾಯಿತು, ಸಂಖ್ಯೆ ಮಾತ್ರ ಹೋಗಿಲ್ಲ. ಜಾಲತಾಣದಲ್ಲಿ ಇಂಚಿನ ಲೆಕ್ಕಕ್ಕೆ ಅರ್ಥವೇ ಇಲ್ಲ. ಅಲ್ಲಿ ಎಷ್ಟು ಪಿಕ್ಸೆಲ್ ಎಂಬುದಷ್ಟೇ ಮುಖ್ಯ. ಜಾಲತಾಣದಿಂದ ಇಳಿಸಿದ 600 ಪಿಕ್ಸೆಲ್ ಅಗಲದ ಫೋಟೊ ಕಾಗದದ ಮೇಲೆ ಎರಡೇ ಇಂಚು. ಕಂಪ್ಯೂಟರಿನಲ್ಲಿ 72 ಎಂದಿದ್ದ ಜಾಗದಲ್ಲಿ 300 ಎಂದು ಬರೆದ ಮಾತ್ರಕ್ಕೆ ಅದು ಬೆಳೆಯುವುದಿಲ್ಲ. ವಾಟ್ಸಾಪ್ 2023ರಲ್ಲಿ ಎಚ್‌ಡಿ ಆಯ್ಕೆ ಕೊಡುವ ಮೊದಲು ಫೋಟೊಗಳನ್ನು ತಾನಾಗಿಯೇ ಕುಗ್ಗಿಸಿಬಿಡುತ್ತಿತ್ತು. ಈಗಲೂ ಮೂಲ ಫೋಟೊ ಹಾಗೆಯೇ ತಲುಪಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸುವುದೇ ಒಳ್ಳೆಯದು.

ಬಣ್ಣದ್ದು ಇನ್ನೊಂದು ತಾಪತ್ರಯ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ: ಕೆಂಪು, ಹಸಿರು, ನೀಲಿ. ಅಚ್ಚು ಶಾಯಿಯಿಂದ ಮಾಡುತ್ತದೆ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಬೆಳಕಿಗೆ ಸಾಧ್ಯವಾಗುವ ಎಲ್ಲ ಬಣ್ಣ ಶಾಯಿಗೆ ಸಾಧ್ಯವಿಲ್ಲ, ಅದರಲ್ಲೂ ಹೊಳೆಯುವ ಹಸಿರು. ಈದ್ ವಿಶೇಷಾಂಕದ ಮುಖಪುಟ ಪರದೆಯಲ್ಲಿ ಪಚ್ಚೆಯಂತೆ ಮಿನುಗಿ, ಪ್ರೆಸ್ಸಿನಿಂದ ಬರುವಾಗ ಮಂಕಾಗಿರುವುದಕ್ಕೆ ಪ್ರೆಸ್ಸಿನವರನ್ನು ದೂರಿ ಫಲವಿಲ್ಲ.

ಚಿಕ್ಕ ಫೋಟೊವನ್ನು ದೊಡ್ಡದು ಮಾಡುವ ಎಐ ತಂತ್ರಾಂಶಗಳು ಈಗ ಧಾರಾಳವಾಗಿ ಸಿಗುತ್ತವೆ. ತೀರಿಹೋದ ಅಜ್ಜನ ಮಸುಕಾದ ಫೋಟೊ ಕ್ಷಣದಲ್ಲಿ ಥಳಥಳಿಸುತ್ತದೆ. ಇಲ್ಲದ ವಿವರವನ್ನು ತಂತ್ರಾಂಶ ಎಲ್ಲಿಂದ ತಂದಿತು? ತಾನು ಕಲಿತ ಇತರ ಮುಖಗಳಿಂದ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ‘ಪಲ್ಸ್’ ಎಂಬ ತಂತ್ರಾಂಶಕ್ಕೆ ಬರಾಕ್ ಒಬಾಮರ ಮಸುಕಾಗಿಸಿದ ಫೋಟೊ ಕೊಟ್ಟಾಗ ಅದು ಒಬ್ಬ ಬಿಳಿಯನ ಮುಖ ಮಾಡಿಕೊಟ್ಟಿತು. ಹೀಗೆ ಹಿಗ್ಗಿಸಿದ ಫೋಟೊದಲ್ಲಿರುವ ಕಣ್ಣು, ಗಡ್ಡ, ಸುಕ್ಕು ಅಜ್ಜನದೇ ಎನ್ನಲು ಯಾವ ಆಧಾರವೂ ಇಲ್ಲ. ಮನೆಯ ಗೋಡೆಗೆ ಇರಲಿ, ಚರಿತ್ರೆಯ ಪುಸ್ತಕಕ್ಕೆ ಅಂಥದ್ದನ್ನು ಹಾಕಬಾರದೆಂಬುದು ನಮ್ಮ ಅಭಿಪ್ರಾಯ.

ಫೋಟೊಗಳಿಗಿಂತ ಹೆಚ್ಚಿನ ಅಪಾಯ ಅಕ್ಷರಗಳಿಗಿದೆ. ಜೆಪೆಗ್ ಹುಟ್ಟಿದ್ದು ಫೋಟೊಗಳಿಗಾಗಿ. ಆಕಾಶ, ಚರ್ಮ, ಗೋಡೆಯಂಥ ನಯವಾದ ಏರಿಳಿತಗಳಿಗೆ ಅದು ಚೆನ್ನ. ಬಿಳಿಯ ಮೇಲೆ ಕಪ್ಪಾಗಿ ಹರಿತ ಅಂಚಿನಿಂದ ನಿಂತ ಅಕ್ಷರ ಅದರ ಲೆಕ್ಕಕ್ಕೆ ಒಗ್ಗುವುದಿಲ್ಲ. ಕೊನೆಯ ಸೂಕ್ಷ್ಮ ಅಂಕಿಗಳನ್ನು ಬಿಸಾಡಿದೊಡನೆ ಅಕ್ಷರದ ಸುತ್ತ ಧೂಳು ಎದ್ದಂತೆ ಕಾಣುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಮೊದಲು ಕೆಡುತ್ತವೆ. ಅರಬಿ, ಉರ್ದುವಿನಲ್ಲಿ ಚುಕ್ಕಿಗಳು. ಪದದ ನಡುವಿನಲ್ಲಿ ಒಂದು ಚುಕ್ಕಿ ಮೇಲಿದ್ದರೆ ನೂನ್, ಕೆಳಗಿದ್ದರೆ ಬಾ, ಮೇಲೆ ಎರಡಿದ್ದರೆ ತಾ. ಚುಕ್ಕಿ ಹೋದರೆ ಅಕ್ಷರ ಹೋಯಿತು, ಅರ್ಥವೂ ಹೋಯಿತು. 1537–38ರ ಸುಮಾರಿಗೆ ವೆನಿಸ್ಸಿನ ಪಗನಿನಿ ತಂದೆ ಮಗ ಮೊದಲ ಬಾರಿಗೆ ಪವಿತ್ರ ಕುರ್‌ಆನನ್ನು ಮೊಳೆಗಳಲ್ಲಿ ಅಚ್ಚು ಹಾಕಿದಾಗ ದಾಲ್ ಮತ್ತು ಚುಕ್ಕಿಯಿರುವ ಝಾಲ್ ನಡುವೆ ವ್ಯತ್ಯಾಸವನ್ನೇ ಉಳಿಸಿರಲಿಲ್ಲ. ಅಂಥ ಅಚ್ಚನ್ನು ಮುಸ್ಲಿಮರು ಹೇಗೆ ಒಪ್ಪಿಯಾರು? ಮುಸ್ಲಿಮ್ ಜಗತ್ತು ಅಚ್ಚಿನ ಮೊಳೆಯನ್ನು ಅನುಮಾನದಿಂದ ನೋಡಿ ಕಲ್ಲಚ್ಚನ್ನು ಸಲೀಸಾಗಿ ಒಪ್ಪಿದ್ದನ್ನು ಬರೀ ಸಂಪ್ರದಾಯಶರಣತೆ ಎಂದು ಬರೆಯುವವರು ಈ ಚುಕ್ಕಿಗಳ ವಿಷಯ ಗಮನಿಸುವುದು ಒಳ್ಳೆಯದು. ಇಂದು ಅದೇ ಎಚ್ಚರ ನಮ್ಮಲ್ಲಿ ಕಾಣುತ್ತಿಲ್ಲ. ಆಯತ್‌ಗಳಿರುವ, ಹತ್ತು ಗುಂಪುಗಳಲ್ಲಿ ಸುತ್ತಿ ಹತ್ತು ಸಲ ಹಿಂಡಿಸಿಕೊಂಡ ಚಿತ್ರಗಳನ್ನು ಯೋಚಿಸದೆ ಮುಂದೆ ಕಳಿಸುತ್ತೇವೆ. ಅಕ್ಷರಗಳಿರುವ ಚಿತ್ರಕ್ಕೆ ಪಿಎನ್‌ಜಿ ರೂಪ ಇದೆ. ಅದು ಗಾತ್ರ ಕುಗ್ಗಿಸಿದರೂ ಒಂದು ಚುಕ್ಕಿಯನ್ನೂ ಬಿಸಾಡುವುದಿಲ್ಲ.

ಅಂತರ್ಜಾಲದ ಮೊದಲ ವರ್ಷಗಳಲ್ಲಿ ಉರ್ದು ಪತ್ರಿಕೆಗಳು ತಮ್ಮ ಸುದ್ದಿಗಳನ್ನು ಗಿಫ್ ಚಿತ್ರಗಳಾಗಿಯೇ ಜಾಲತಾಣಕ್ಕೆ ಏರಿಸುತ್ತಿದ್ದವು. ನಸ್ತಾಲೀಕ್ ಲಿಪಿ ಓದುಗರ ಕಂಪ್ಯೂಟರಿನಲ್ಲಿ ಮೂಡುತ್ತಿರಲಿಲ್ಲ, ಬೇರೆ ದಾರಿಯಿರಲಿಲ್ಲ. ಕನ್ನಡದ ಸ್ಥಿತಿಯೂ ಅದಕ್ಕಿಂತ ಬಹಳ ಉತ್ತಮವೇನಾಗಿರಲಿಲ್ಲ. ಬರಹ, ನುಡಿ ತಂತ್ರಾಂಶಗಳಿದ್ದರೂ ಆಯಾ ಫಾಂಟ್ ಇಲ್ಲದವರಿಗೆ ಓದಲಾಗುತ್ತಿರಲಿಲ್ಲ. ಯುನಿಕೋಡ್ ಬಳಕೆ ಹರಡಿದ ಮೇಲೆ ಆ ಅನಿವಾರ್ಯತೆ ಹೋಯಿತು, ಅಭ್ಯಾಸ ಹೋಗಲಿಲ್ಲ. ಲೇಖನ, ಪ್ರಕಟಣೆ, ಶ್ರದ್ಧಾಂಜಲಿ, ಆಹ್ವಾನ ಎಲ್ಲವನ್ನೂ ಇಂದಿಗೂ ಚಿತ್ರ ಮಾಡಿ ಹಂಚುತ್ತೇವೆ. ಚಿತ್ರವಾದ ಬರಹವನ್ನು ಗೂಗಲಿನಲ್ಲಿ ಹುಡುಕಿ ಪಡೆಯುವುದು ಕಷ್ಟ, ಕಣ್ಣು ಕಾಣದವರ ಕಂಪ್ಯೂಟರ್ ಅದನ್ನು ಸರಿಯಾಗಿ ಓದಿ ಹೇಳುವ ಭರವಸೆಯಿಲ್ಲ, ಹತ್ತು ವರ್ಷದ ನಂತರ ಅದು ಇತ್ತೆಂದೂ ಯಾರಿಗೂ ಗೊತ್ತಾಗುವುದಿಲ್ಲ. ಕರ್ನಾಟಕದ ಮುಸ್ಲಿಮರ ಬಗ್ಗೆ ಅಂತರ್ಜಾಲದಲ್ಲಿ ಕನ್ನಡ ಬರಹಗಳೇ ಸಿಗುವುದಿಲ್ಲವೆಂದು ದೂರುವಾಗ ಬರೆದದ್ದರಲ್ಲಿ ಎಷ್ಟು ಪಾಲನ್ನು ನಾವೇ ಚಿತ್ರಗಳೊಳಗೆ ಹೂತಿಟ್ಟಿದ್ದೇವೆ ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ದಾಖಲೆಪತ್ರಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. 2013ರ ಆಗಸ್ಟಿನಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನಿಯ ಕಂಪ್ಯೂಟರ್ ತಜ್ಞರು ಒಂದು ವಿಚಿತ್ರ ಸಂಗತಿಯನ್ನು ಬಯಲಿಗೆ ತಂದರು. ಕಟ್ಟಡವೊಂದರ ನಕ್ಷೆಯನ್ನು ಝೆರಾಕ್ಸ್ ಕಂಪೆನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಎಂಬ ಒಂದೇ ಅಂಕಿ ಬಂದಿತ್ತು. ಮೂಲದಲ್ಲಿ ಒಂದು ಕೋಣೆ 21.11 ಇತ್ತು. ಇನ್ನು ಕೆಲವು ಪತ್ರಗಳಲ್ಲಿ 6 ಇದ್ದಲ್ಲಿ 8 ಬಂದಿತ್ತು. ಮಸುಕಾಗಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ಅಂಕಿಗಳು ಸ್ಫುಟವಾಗಿದ್ದವು, ತಪ್ಪಾಗಿದ್ದವು. ಗಾತ್ರ ಕುಗ್ಗಿಸಲು ಆ ಯಂತ್ರ ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ಎಂದು ಬಗೆದು ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುತ್ತಿತ್ತು. ಇದು ಜೆಪೆಗ್ ಅಲ್ಲ, ಜೆಬಿಗ್2 ಎಂಬ ಬೇರೊಂದು ವಿಧಾನ. ಕಂಪೆನಿ ತಪ್ಪನ್ನು ಒಪ್ಪಿ ತಂತ್ರಾಂಶವನ್ನು ತಿದ್ದಿತು. ಪಹಣಿಯ ಸರ್ವೆ ನಂಬರಿನಲ್ಲಿ, ವಕ್ಫ್ ಆಸ್ತಿಯ ಗುಂಟೆ ಲೆಕ್ಕದಲ್ಲಿ, ಹುಟ್ಟಿದ ತಾರೀಕಿನಲ್ಲಿ 6 ಹೋಗಿ 8 ಆದರೆ ಏನಾಗುತ್ತದೆಂದು ಕಚೇರಿ ಅಲೆದವರಿಗೆ ವಿವರಿಸಬೇಕಾಗಿಲ್ಲ.

ಪತ್ರಾಗಾರಗಳಲ್ಲಿ ಕೆಲಸ ಮಾಡುವವರು ಇದಕ್ಕೊಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಮೊದಲು ಪೂರ್ಣ ಗಾತ್ರದಲ್ಲಿ ಸ್ಕ್ಯಾನ್ ಮಾಡಿ ಟಿಫ್ ರೂಪದಲ್ಲಿ, ಏನನ್ನೂ ಕಳೆಯದೆ, ಒಂದು ಮೂಲಪ್ರತಿ ಇಡುತ್ತಾರೆ. ಅದನ್ನು ಮುಟ್ಟುವುದಿಲ್ಲ. ಅಚ್ಚಿಗೆ ಬೇಕಾದಾಗ ಅದರಿಂದ ಒಂದು ಪ್ರತಿ, ಜಾಲತಾಣಕ್ಕೆ ಬೇಕಾದಾಗ ಇನ್ನೊಂದು ಜೆಪೆಗ್ ಪ್ರತಿ. ಕುಗ್ಗಿಸಿದ ಪ್ರತಿಯಿಂದ ಮತ್ತೆ ಕುಗ್ಗಿಸಿದ ಪ್ರತಿ ತೆಗೆಯುವುದಿಲ್ಲ. ನಮ್ಮ ಮಸೀದಿ, ಮದ್ರಸಗಳ ಕಪಾಟುಗಳಲ್ಲಿ ನಿಕಾಹ್ ದಫ್ತರಗಳು, ಜಮಾಅತಿನ ಹಳೆಯ ಲೆಕ್ಕದ ಪುಸ್ತಕಗಳು, ವಕ್ಫ್ ಪತ್ರಗಳು ಗೆದ್ದಲಿಗೆ ಕಾಯುತ್ತಿವೆ. ಹಲವೆಡೆ ಯುವಕರು ಉತ್ಸಾಹದಿಂದ ಮೊಬೈಲಿನಲ್ಲಿ ಫೋಟೊ ಹಿಡಿದು ವಾಟ್ಸಾಪಿನಲ್ಲಿ ಹಂಚಿ, ‘ಡಿಜಿಟಲ್ ಮಾಡಿದೆವು’ ಎನ್ನುತ್ತಾರೆ. ಒಂದು ಹಾರ್ಡ್ ಡಿಸ್ಕಿನ ಬೆಲೆ ಜಲ್ಸಾದ ಒಂದು ರಾತ್ರಿಯ ಮೈಕ್ ಮತ್ತು ದೀಪದ ಖರ್ಚಿಗಿಂತ ಹೆಚ್ಚಾಗುವುದಿಲ್ಲ.